ಮೋರಟಗಿ ಆಯಿಯ ದನಿ ಕಳೆದದ್ದು

ಸಿಟ್ಟು ಇಳದ ಮ್ಯಾಲ ಬರಿ, ಈಗ ಬರದ್ರ ಬರೇ ಬೈಗುಳ ಆಗ್ತಾವು ಅಂತ ನಮ್ಮ ಮನಿಯವರು ಅಂದ್ರು. ನಾಕು ತಿಂಗಳು ಕಾದೆ. ಇಳೀಲಿಲ್ಲ. ಇನ್ನ ಇಳಿಯೂದೂ ಇಲ್ಲ ಅಂತ ಖಾತ್ರಿ ಆತು, ಅದಕ್ಕ ಬರ್ಯಾಕ ಕುಂತೇನಿ.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದ ನಂದೊಂದು ರಿಪೇರಿ ಅಂಗಡಿ ಐತಿ. ಮೊದಲ ರೇಡಿಯೋ, ಟೇಪು ಬರ್ತಿದ್ವು. ಈಗ ಮೊಬೈಲು, ಮಿಕ್ಸರು, ಟಿವಿ. ಹೆಂಗಸು ಬೆಸುಗಿ ಹಾಕೂ ಕಾವಿಗಿ ಹಿಡದು ಕುಂತಾಳ ಅಂತ ನೋಡಾಕ ಬರೋರು ನೋಡಿ ನೋಡಿ ಬ್ಯಾಸತ್ತು ಹೋದ್ರು, ಈಗ ಕೆಲಸ ಇದ್ದವರಷ್ಟ ಬರ್ತಾರ. ಈ ಕಸಬಿನ್ಯಾಗ ನನಗೊಂದು ಚಟ ಹತ್ತಿತ್ತು. ಟೇಪು ಕೆಟ್ಟೈತಿ ಅಂತ ತಂದ್ರ ಅದರೊಳಗ ಒಂದು ಕ್ಯಾಸೆಟ್ಟು ಸಿಕ್ಕೊಂಡಿರೂದು ನೂರಕ್ಕ ನೂರು. ಬಿಡಿಸಿ, ಸುತ್ತಿ, ಹಚ್ಚಿ ಕೇಳ್ತಿದ್ದೆ. ಸಿನಿಮಾ ಹಾಡಿದ್ರ ಸುಮ್ನ ವಾಪಸ್ ಕೊಡ್ತಿದ್ದೆ. ಮನ್ಯಾಗ, ಮಠದಾಗ, ಹೊಲದಾಗ ತಾವ ಕುಂತು ತುಂಬಿಕೊಂಡ ಪದ ಇದ್ರ ಮಾತ್ರ ಅವರನ್ನ ಕೇಳಿ, ಹೂಂ ಅಂದ ಮ್ಯಾಲ ಒಂದು ಕಾಪಿ ಇಟ್ಕೋತಿದ್ದೆ. ಹಿಂಗ ವರ್ಷಗಟ್ಟಲೆ ಕೂಡಿಸಿದ ಪದಗಳು ಎರಡು ಕಬ್ಬಿಣದ ಟ್ರಂಕ್ ತುಂಬಿದ್ವು.

ಮೂರು ವರ್ಷದ ಹಿಂದ ಅವನ್ನೆಲ್ಲಾ ಕಂಪ್ಯೂಟರಿಗಿ ಇಳಿಸಿದೆ. ಆಮ್ಯಾಲ ಒಂದು ಸಂಗೀತದ ಕಂಪನಿಯೊಳಗ ಖಾತೆ ತಗದೆ. ಅದರ ಹೆಸರು ಹೇಳಂಗಿಲ್ಲ, ಹೇಳಿದ್ರ ಅದಕ್ಕೂ ಪುಕ್ಕಟೆ ಜಾಹೀರಾತು ಆಗ್ತೈತಿ. ನಿಮ್ಮ ಹಾಡು ನಮ್ಮ ಕಡೆ ಇಡ್ರಿ, ಯಾವ ಫೋನಿನ್ಯಾಗ ಬೇಕಾದ್ರೂ ಕೇಳ್ರಿ ಅನ್ನೂದು ಅವರ ಮಾತು. ಒಂದೊಂದ ಫೈಲು ಏರಿಸುವಾಗ ಕಾಲಂ ತುಂಬಬೇಕು: ಹಾಡಿನ ಹೆಸರು, ಕಲಾವಿದರು, ಆಲ್ಬಂ, ವರ್ಷ. ಎರಡು ತಿಂಗಳು ಗಿರಾಕಿ ಇಲ್ಲದ ಹೊತ್ತಿನ್ಯಾಗ ಕುಂತು ಎಲ್ಲಾ ತುಂಬಿದೆ.

ಕಲಾವಿದರು ಅನ್ನೂ ಕಾಲಮಿನ್ಯಾಗ ಏನು ಬರದೆ ಅನ್ನೂದು ಇಲ್ಲೇ ಹೇಳಿಬಿಡ್ತೇನಿ, ಮುಂದಿನ ರಗಳೆಗೆಲ್ಲಾ ಅದ ಬೇರು. ನಮ್ಮ ಕಡೆ ಭಜನಿ ಪದಕ್ಕ ಹೆಸರಂದ್ರ ಅದರ ಮೊದಲಿನ ಸಾಲು, ಕೊನಿಗಿ ಒಂದು ಅಂಕಿತ. ಪದ ಕಟ್ಟಿದವರು ಕೊನಿ ನುಡ್ಯಾಗ ತಮ್ಮ ಗುರುವಿನ ಹೆಸರೋ ದೇವರ ಹೆಸರೋ ಇಟ್ಟಿರ್ತಾರಲ್ಲ, ಅದು. ಯಾರ ಪದ ಇದು ಅಂತ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಿ ಕೇಳಿದ್ರೂ ಜನ ಅಂಕಿತಾನ ಹೇಳ್ತಾರ. ಹಾಡಿದವರ ಹೆಸರು ಯಾರೂ ಕೇಳಂಗಿಲ್ಲ, ಹಾಡಿದವರು ತಾವಾಗಿ ಹೇಳಂಗಿಲ್ಲ. ಹೇಳಿಕೊಂಡ್ರ ಸೊಕ್ಕು ಅಂತಾರ. ನಾನೂ ಇದ ನೆಲದಾಕಿ, ಕಲಾವಿದರು ಅಂದ ಜಾಗಾದಾಗೆಲ್ಲಾ ಅಂಕಿತ ಬರಕೊಂತ ಹೋದೆ. ಅದು ತಪ್ಪು ಅಂತ ಮನಸಿಗಿ ಬರಲೇ ಇಲ್ಲ.

ಎರಡನೇ ತಪ್ಪು ಹೇಳಾಕ ನಾಚಿಕಿ ಬರ್ತೈತಿ. ಗಿರಾಕಿಗೋಳಿಗಿ ದಿನಾ ಬೈತಿದ್ದೆ, ಫೋಟೋ ಎರಡು ಕಡೆ ಇಟ್ಕೋರಿ, ಫೋನು ಹೋದ ಮ್ಯಾಲ ನನ್ನ ಮುಂದ ಅಳಬ್ಯಾಡ್ರಿ ಅಂತ. ಹೇಳೂದು ಪುರಾಣ, ತಿನ್ನೂದು ಬದನಿಕಾಯಿ. ನನ್ನ ಹಾರ್ಡ್ ಡಿಸ್ಕು ಟಕ್ ಟಕ್ ಅನ್ನಾಕ ಹತ್ತಿದಾಗ, ಹೆಂಗೂ ಎಲ್ಲಾ ಮ್ಯಾಲ ಐತಲ್ಲ ಅಂತ ಅದನ್ನ ಬಿಚ್ಚಿ, ಒಳಗಿನ ಅಯಸ್ಕಾಂತ ತಗದು ಸ್ಕ್ರೂ ಹಿಡ್ಯಾಕ ಟೇಬಲ್ ಮ್ಯಾಲ ಇಟ್ಕೊಂಡೆ. ಕಾಪಿ ಕ್ಯಾಸೆಟ್ಟುಗಳನ್ನ ಗುಜರಿಯವಗ ಹಾಕಿದೆ. ಟ್ರಂಕಿನ್ಯಾಗ ಈಗ ಹಳೇ ರಿಮೋಟ್ ಅದಾವು.

ಇನ್ನ ಆಯಿ ಮಾತು. ಮೋರಟಗಿಯೊಳಗ ಒಬ್ಬ ಆಯಿ ಅದಾಳ, ಎಪ್ಪತ್ತು ದಾಟ್ಯಾವು. ಹರೇದಾಗ ಹೆಂಗಸರ ಭಜನಿ ಮ್ಯಾಳದಾಗ ಮುಂದಿನ ದನಿ ಆಕೀದು. ಮೈಕು ಬ್ಯಾಡ ಅನ್ನುವಂಥ ದನಿ, ಆದ್ರ ಒಂದು ಸಾಲು ಇಳಿಸುವಾಗ ಕೂಸಿನ ತಲಿ ಸವರಿದಂಗ ಇಳಿಸ್ತಿದ್ಳು. ಆಕಿ ಒಂದ ಸಲ ತುಂಬಿಸಿದ ಕ್ಯಾಸೆಟ್ಟಿನ ಕಾಪಿ ನನ್ನ ಹತ್ರ ಇತ್ತು. ಅವರ ಮನಿಯಾಗಿನ ಮೂಲ ಕ್ಯಾಸೆಟ್ಟು ಹರದು ಹೋಗಿ ಭಾಳ ವರ್ಷ ಆಗಿತ್ತು. ಹೋದ ವರ್ಷ ಆಯಿಗೆ ಲಕ್ವಾ ಹೊಡೀತು. ಬಲಗೈ ಬಿತ್ತು, ಮಾತು ನಿಂತು ಹೋತು. ಆಕಿ ಸೊಸಿ ಅಂಗನವಾಡಿ ಟೀಚರ್. ವಿಜಯಪುರದ ಡಾಕ್ಟರು ಆಕಿಗೆ ಒಂದು ಮಾತು ಹೇಳಿದ್ರಂತ: ಮಾತು ಹೋದವರಿಗೂ ಒಮ್ಮೊಮ್ಮೆ ಹಾಡು ಉಳದಿರ್ತೈತಿ, ತಾವು ಹಾಡಿದ್ದ ಪದಾನ ದಿನಾ ಕೇಳಿಸ್ರಿ, ಅದರ ಬೆನ್ನ ಹಿಡದು ಮಾತು ಬಂದ್ರೂ ಬರಬಹುದು ಅಂತ.

ಸೊಸಿ ನನ್ನ ಹತ್ರ ಬಂದ್ಳು. ನಾನು ಆಯಿಯ ಏಳು ಪದಗಳ ಲಿಂಕು ಆಕಿ ಫೋನಿಗಿ ಕಳಿಸಿದೆ. ಫೋನು ಸಣ್ಣದು, ಒಳಗ ಜಾಗಾ ಇಲ್ಲ, ನೆಟ್ಟಿನ ಮ್ಯಾಲ ಹಚ್ಚಿ ಕೇಳಿಸ್ತಿದ್ಳು. ದಿನಾ ಸಂಜಿಕ ಅಂಗನವಾಡಿಯಿಂದ ಬಂದು, ದೀಪಾ ಹಚ್ಚಿ, ಫೋನು ತಲಿದಿಂಬಿನ ಬಾಜೂಕ ಇಡೂದು. ಮೊದಲ ಎಡಗೈ ಬೆರಳು ತಾಳ ಹಾಕಿತು. ಆಮ್ಯಾಲ ತುಟಿ ಅಲುಗಿದ್ವು. ಐದು ತಿಂಗಳ ಮ್ಯಾಲ ಆಯಿ ಮೊದಲನೇ ಪದದ ಅರ್ಧ ಸಾಲು ಗುನುಗಿದ್ಳು. ಶಬ್ದ ಇರಲಿಲ್ಲಂತ, ಬರೇ ಧಾಟಿ. ಸೊಸಿ ಅಳಕೋಂತ ಫೋನ್ ಮಾಡಿದ್ಳು. ಅವತ್ತು ನಾನು ಅಂಗಡ್ಯಾಗ ಬಂದವರಿಗೆಲ್ಲಾ ಚಹಾ ಕುಡಿಸಿದೆ.

ಅದಾಗಿ ಹದಿನೈದು ದಿನಕ್ಕ ಮತ್ತ ಫೋನ್ ಬಂತು. ಈ ಸಲ ಸೊಸಿ ದನಿ ಬ್ಯಾರೆ ಇತ್ತು.

"ಅಕ್ಕಾರ, ನಮ್ಮ ಅತ್ತಿ ಎಲ್ಲಿ ಹೋದ್ರು?"

ಆಯಿ ತೀರಿಕೊಂಡ್ಳೇನೋ ಅಂದುಕೊಂಡೆ. ಹಂಗಲ್ಲ. ಫೋನಿನ್ಯಾಗ ಆಯಿ ಪದ ಹಚ್ಚಿದ್ರ ಯಾರೋ ಬ್ಯಾರೆಯಾಕಿ ಹಾಡಾಕತ್ತಾಳ, ಹಿಂದ ಕೀಬೋರ್ಡು, ಕೊಳಲು, ಗಿಲ್ ಗಿಲ್ ಅಂತ ಏನೇನೋ. ಆಯಿ ಎರಡು ಸಾಲು ಕೇಳಿ ಫೋನಿನ ಕಡೆ ನೋಡಿದ್ಳಂತ, ಸೊಸಿ ಕಡೆ ನೋಡಿದ್ಳಂತ, ಆಮ್ಯಾಲ ಗ್ವಾಡಿ ಕಡೆ ಮಾರಿ ತಿರುವಿ ಮಲಕ್ಕೊಂಡ್ಳಂತ. ಮರದಿನ ಅನ್ನಾನೂ ಮುಟ್ಟಲಿಲ್ಲಂತ. ತನ್ನ ಜಾಗಾದಾಗ ಇನ್ನೊಬ್ಬಾಕಿನ್ನ ತಂದು ಇಟ್ರು ಅಂತ ಆಕಿಗೆ ಅನಿಸಿರಬೇಕು. ಅನಿಸಿದ್ರ ತಪ್ಪೇನೈತಿ?

ಮೊದಲ ಸೊಸಿ ಫೋನು ತರಿಸಿ ನೋಡಿದೆ. ಫೋನು ಸರಿ ಇತ್ತು, ಲಿಂಕೂ ಅದ ಇತ್ತು. ಆಮ್ಯಾಲ ನನ್ನ ಖಾತೆ ತಗದೆ. ಆಯಿಯ ಏಳೂ ಪದದ ಬಾಜೂಕ ಒಂದು ಸಣ್ಣ ಹಸರು ಗುರುತು. ಮ್ಯಾಲ ಬೆರಳಿಟ್ರ 'ಹೊಂದಿಸಲಾಗಿದೆ' ಅಂತಿತ್ತು. ಕೆಳಗ ಸರಸಿದೆ. ನನ್ನ ಇಡೀ ಸಂಗ್ರಹದಾಗ ತೊಂಬತ್ಮೂರು ಪದಕ್ಕ ಹಸರು ಗುರುತು ಬಿದ್ದಿತ್ತು. ಒಂದೊಂದಾಗಿ ಹಚ್ಚಿದೆ. ಎಲ್ಲಾ ಸ್ಟುಡಿಯೋದಾಗ ತುಂಬಿಸಿದ ಪದ. ನಾನು ಕೂಡಿಸಿದ ದನಿ ಒಂದೂ ಇರಲಿಲ್ಲ.

ಏನಾಗಿತ್ತಂದ್ರ, ಎಂಟು ದಿನದ ಹಿಂದ ಆ ಕಂಪನಿ ಆಪಿನ್ಯಾಗ ಒಂದು ಚೀಟಿ ಬಂದಿತ್ತು. ನಿಮ್ಮ ಸಂಗ್ರಹದ ಗುಣಮಟ್ಟ ಹೆಚ್ಚಿಸ್ತೇವಿ, ಸರಿ ಅನ್ರಿ ಅಂತ. ಒಂದು ಕೈಯಾಗ ಕಾವಿಗಿ, ಮುಂದ ಗಿರಾಕಿ, ಇನ್ನೊಂದು ಕೈಲೆ ಸರಿ ಅಂತ ಒತ್ತಿದ್ದೆ. ಆ ಹೆಚ್ಚಿಸೂದು ಅಂದ್ರ ಇದು: ಹಾಡಿನ ಹೆಸರು, ಕಲಾವಿದರ ಹೆಸರು ಎರಡೂ ಅವರ ಉಗ್ರಾಣದಾಗಿನ ಹಾಡಿಗಿ ಕೂಡಿದ್ರ, ನಮ್ಮದನ್ನ ತಗದು ಅವರದನ್ನ ಇಡೂದು. ಪದ ಮಾರೋ ಕಂಪನಿಗೋಳೂ ಕಲಾವಿದರ ಕಾಲಮಿನ್ಯಾಗ ಅಂಕಿತಾನ ಬರದಿದ್ವು. ನಾನೂ ಅಂಕಿತ ಬರದಿದ್ದೆ. ಮೊದಲ ಸಾಲು ಅದ, ಅಂಕಿತ ಅದ. ಮಶೀನು ಎರಡೂ ಒಂದ ಅಂತು. ಕೇಳಿ ನೋಡುವಂಥ ಕಿವಿ ಅದಕ್ಕೆಲ್ಲಿಂದ ಬರಬೇಕು?

ಮೂರು ದಿನ ಚಾಟಿನ್ಯಾಗ ಬಡದಾಡಿದೆ. ಒಂದ ಉತ್ತರಾನ ಸುತ್ತಿ ಸುತ್ತಿ ಕಳಿಸಿದ್ರು. ಎತ್ತು ಈತು ಅಂದ್ರ ಕೊಟ್ಟಿಗಿಗೆ ಕಟ್ಟು ಅನ್ನೋ ಮಂದಿ. ನಾಕನೇ ದಿನ ಫೋನಿನ್ಯಾಗ ಒಬ್ಬ ಸಿಕ್ಕ. ನಯವಾದ ಹಿಂದಿ, ನಂದು ಮುರಕ ಹಿಂದಿ. ನನ್ನ ಮೂಲ ಫೈಲು ವಾಪಸ್ ಕೊಡ್ರಿ ಅಂದೆ. ಹೊಂದಿಕಿ ಆದ ಕೂಡಲೆ ಮೂಲ ಫೈಲು ಅಳಿಸ್ತೇವಿ, ಜಾಗಾ ಉಳಿಸಾಕ, ನೀವು ಒಪ್ಪಿದ ನಿಯಮದಾಗ ಐತಿ ಅಂದ. ಮ್ಯಾಲ ಇನ್ನೊಂದು ಮಾತು ಸೇರಿಸಿದ: ಈಗ ನಿಮಗ ಸಿಕ್ಕಿರೂದು ಮೊದಲಿನಕಿಂತ ಛಲೋ ಗುಣಮಟ್ಟದ್ದು, ಮೇಡಂ.

ಹಿಂದಿ ಅಲ್ಲೇ ಬಿತ್ತು. ಕನ್ನಡದಾಗ ಕೇಳಿದೆ. "ತಮ್ಮಾ, ನಿಮ್ಮವ್ವನ್ನ ತಗದು ಆಕಿ ಜಾಗಾದಾಗ ಇನ್ನೊಬ್ಬಾಕಿ ಚಂದ ಹೆಣ್ಮಗಳನ್ನ ತಂದು ಕುಂಡ್ರಿಸಿ, ಇದು ಗುಣಮಟ್ಟ ಛಲೋ ಐತಿ ಅಂದ್ರ ನೀ ಸುಮ್ಮ ಇರ್ತಿಯೇನು?"

ಅವಗ ತಿಳೀಲಿಲ್ಲ. ಇನ್ನೇನಾದರೂ ಸಹಾಯ ಬೇಕೇನು ಅಂತ ಕೇಳಿದ.

ತಲಿ ಮಸರ ಗಡಿಗಿ ಆಗಿತ್ತು. ಆದ್ರ ಕುಂತ್ರ ಆಗಂಗಿಲ್ಲ, ಮೋರಟಗ್ಯಾಗ ಆಯಿ ಗ್ವಾಡಿ ಕಡೆ ಮಾರಿ ಮಾಡ್ಯಾಳ. ಆಕಿ ಕ್ಯಾಸೆಟ್ಟಿನ ಕಾಪಿ ನಾನು ಹಿಂದ ಯಾರ್ಯಾರಿಗೆ ಕೊಟ್ಟಿದ್ದೆ ಅಂತ ಹಳೇ ವಹಿ ತಗದು ನೋಡಿದೆ. ಇಬ್ಬರು ಸಿಕ್ರು. ಮುದ್ದೇಬಿಹಾಳದಾಗ ಒಬ್ಬ ರಿಟೈರ್ ಆದ ಕಂಡಕ್ಟರು, ಇಂಡ್ಯಾಗ ಒಬ್ಬ ಲಿಂಬಿಕಾಯಿ ವ್ಯಾಪಾರಿ.

ಮುದ್ದೇಬಿಹಾಳಕ್ಕ ಹೋದೆ. ಕಂಡಕ್ಟರ ಮನ್ಯಾಗ ಕ್ಯಾಸೆಟ್ಟು ಇತ್ತು, ಮ್ಯಾಲ ನನ್ನ ಅಕ್ಷರಾನೂ ಇತ್ತು. ಹಚ್ಚಿದ್ರ ಬ್ಯಾಂಡು. ಮಗನ ಲಗ್ನದ ಬ್ಯಾಂಡು ಅದರ ಮ್ಯಾಲ ತುಂಬಿಸಿದ್ದ. ಕೊನಿಗಿ ಏನರ ಉಳದಿದ್ದೀತು ಅಂತ ಇಬ್ಬರೂ ಎರಡೂ ಬಾಜೂ ಪೂರಾ ಬ್ಯಾಂಡು ಕೇಳಿದ್ವಿ. ಕೊನಿಗಿ ಎರಡು ಸಲ ತಾಳದ ಸಪ್ಪಳ ಬಂತು, ಟೇಪು ಮುಗೀತು. ಅಂವ ತಲಿ ಕೆಳಗ ಹಾಕಿ ಕುಂತ. ಅವನ್ನ ಬೈಯಾಕ ನನಗ ಬಾಯಿ ಎಲ್ಲಿತ್ತು, ನಾನಂತೂ ಗುಜರಿಗ ಹಾಕಿದಾಕಿ.

ಇಂಡಿ ಊರಾಗಿನ ಲಿಂಬಿಕಾಯಿ ವ್ಯಾಪಾರಿ ಮಾತ್ರ ನನ್ನ ಸಿಟ್ಟಿಗಿ ಎಣ್ಣಿ ಹಾಕಿದ. ಅವಗ ನಾನು ಪೆನ್‌ಡ್ರೈವಿನ್ಯಾಗ ಕೊಟ್ಟಿದ್ದೆ. ಪೆನ್‌ಡ್ರೈವು ಐತಿ, ಪದ ಇಲ್ಲ. "ನಿಮ್ಮದ್ರಾಗ ಬರೇ ಸರ್ ಅಂತ ಸಪ್ಪಳ ಇತ್ರಿ. ಅದಕ್ಕ ಅದನ್ನ ತಗದು ನೆಟ್ಟಿನ್ಯಾಗಿಂದ ಛಲೋದು ಹಾಕ್ಕೊಂಡೇನಿ," ಅಂದ. ಕಂಪನಿ ಕಂಪ್ಯೂಟರು ಮಾಡಿದ್ದನ್ನ ಇಂವ ಕೈಯಾರೆ ಮಾಡಿದ್ದ. ಲಿಂಬಿ ಶರಬತ್ತು ತರಿಸ್ತೇನಿ ಕುಂಡ್ರಿ ಅಂದ. ಒಲ್ಲೆ ಅಂತ ಎದ್ದು ಬಂದೆ.

ವಾಪಸ್ ಬಂದು ಎರಡು ದಿನ ಅಂಗಡ್ಯಾಗ ಎಲ್ಲಾರ ಮ್ಯಾಲೂ ಹರಿಹಾಯ್ದೆ. ಮೂರನೇ ದಿನ ಬಾಗೇವಾಡಿ ತಾಲೂಕಿನ ಮಸೂತಿಯಿಂದ ಒಬ್ಬರು ರಿಟೈರ್ ಮಾಸ್ತರು ತಮ್ಮ ಹಳೇ ಟೇಪ್ ರೆಕಾರ್ಡರ್ ಒಯ್ಯಾಕ ಬಂದ್ರು. ಬೆಲ್ಟ್ ಬದಲಿ ಮಾಡಿ ಇಟ್ಟಿದ್ದೆ. ಇಂಥಾ ಕೆಲಸ ಆದ ಮ್ಯಾಲ ಓಟ ಸರಿ ಐತೇನು ಅಂತ ನೋಡಾಕ ನಂದೊಂದು ಟೆಸ್ಟ್ ಕ್ಯಾಸೆಟ್ಟು ಐತಿ. ಡ್ರಾದಾಗ ಸ್ಪಿರಿಟ್ ಬಾಟ್ಲಿ ಬಾಜೂಕ ಇರ್ತೈತಿ, ಮ್ಯಾಲಿನ ಚೀಟಿ ಎಂದೋ ಹರದು ಹೋಗೇತಿ. ಅದರ ಮೊದಲಿಗಿ ಅರ್ಧ ನಿಮಿಷ ಬರೇ ಏಕತಾರಿ ಮೀಟು. ಒಂದ ಸ್ವರ ಒಂದ ಸಮ ಇರೂದ್ರಿಂದ ಮೋಟರು ಕೂದಲೆಳಿಯಷ್ಟು ತಪ್ಪಿದ್ರೂ ಕಿವಿಗಿ ಹತ್ತತೈತಿ. ಅಷ್ಟು ಕೇಳೂದು, ಬಂದ್ ಮಾಡೂದು, ಹಿಂದಕ ಸುತ್ತೂದು. ವರ್ಷಗಟ್ಟಲೆ ಹಿಂಗ. ಮುಂದ ಏನೈತಿ ಅಂತ ಕೇಳಿದ್ದ ಇಲ್ಲ.

ಅವತ್ತು ಕೈ ಕ್ಯಾಸೆಟ್ಟು ಹಾಕಿತು, ಕಿವಿ ಫೋನಿನ್ಯಾಗ ಇತ್ತು. ಕಂಪನಿಯವರು ಕಾಯ್ರಿ ಅಂತ ಅದ್ಯಾವುದೋ ಪೀಪಿ ಹಚ್ಚಿ ಕುಂಡ್ರಿಸಿದ್ರು. ಅರ್ಧ ನಿಮಿಷ ದಾಟಿತು, ಬಂದ್ ಮಾಡೂದು ಮರತೆ. ಏಕತಾರಿ ಹಿಂದ ತಾಳ ಬಂತು. ತಾಳದ ಹಿಂದ ಆಯಿ ಬಂದ್ಳು.

ಫೋನು ಟೇಬಲ್ ಮ್ಯಾಲ ಬಿತ್ತು. ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತಲ್ಲ, ಆ ಮಂದಿಯೊಳಗ ನಾನ ಮೊದಲನೇಯಾಕಿ. ಎಂದೋ ಒಂದು ದಿನ ಕೈಗಿ ಸಿಕ್ಕ ಕಾಪಿನ್ನ ಟೆಸ್ಟಿಗಿ ಅಂತ ಇಟ್ಟಿದ್ದೆ, ಅದು ಆಯಿದು ಅನ್ನೂದು ಮರತು ಹೋಗಿತ್ತು. ಮಾಸ್ತರು ಕಣ್ಣು ಮುಚ್ಚಿ ಕೇಳಾಕತ್ತಿದ್ರು. ನಾನು ಬಂದ್ ಮಾಡಾಕ ಕೈ ಒಯ್ದೆ.

"ಬಾಯಾರ, ಇರಲಿ ಬಿಡ್ರಿ. ಆ ನುಡಿ ಮುಗೀಲಿ," ಅಂದ್ರು.

ಇಲ್ರಿ ಸರ, ಒಂದೊಂದ ಸಲ ಓಡಿದಾಗೂ ಇದು ಸವೀತೈತಿ ಅಂತ ಹೇಳಿ ಬಂದ್ ಮಾಡಿದೆ. ಅವರ ಮಶೀನು ಕೊಟ್ಟು ಕಳಿಸಿ ಅಂಗಡಿ ಬಾಗಿಲಾ ಅರ್ಧ ಎಳಕೊಂಡೆ.

ಆಮ್ಯಾಲಿನ ಕೆಲಸಕ್ಕ ಎರಡು ದಿನ ಹಿಡೀತು. ಮೊದಲ ಆ ಹಾರ್ಡ್ ಡಿಸ್ಕಿನ ಅಯಸ್ಕಾಂತ ತಗೊಂಡು ಹೋಗಿ ಮನಿ ಹಿತ್ತಲದಾಗ ಇಟ್ಟು ಬಂದೆ. ಟೇಪಿನ ಹತ್ರ ಅದು ಹೋದ್ರ ಇದ್ದದ್ದೂ ಅಳಸೀತು. ಕ್ಯಾಸೆಟ್ಟಿನೊಳಗ ಟೇಪನ್ನ ದನಿ ಓದೂ ಹೆಡ್ಡಿಗಿ ಒತ್ತೂ ಸಣ್ಣ ಪ್ಯಾಡು ಸವದಿತ್ತು. ಐದು ಸ್ಕ್ರೂ ಬಿಚ್ಚಿ, ಎರಡೂ ಸುರುಳಿನ್ನ ಇನ್ನೊಂದು ಹೊಸ ಡಬ್ಬಿಗಿ ಹಾಕಿದೆ. ಇದ್ದದ್ರಾಗ ಛಲೋ ಕ್ಯಾಸೆಟ್ ಡೆಕ್ಕು ಆರಿಸಿ, ಹೆಡ್ಡು ರೋಲರು ಸ್ಪಿರಿಟ್ ಹಚ್ಚಿ ಒರಸಿ, ಬ್ಯಾರೆ ಯಾವುದೋ ಕ್ಯಾಸೆಟ್ಟು ನಾಕು ಸಲ ಓಡಿಸಿ ನೋಡಿದೆ. ಆಮ್ಯಾಲ ಇದನ್ನ ಹಾಕಿ, ಹೆಡ್ಡಿನ ಬಾಜೂಕಿನ ಸ್ಕ್ರೂ ಎಳ್ಳಷ್ಟು ಎಳ್ಳಷ್ಟು ತಿರುವಿದೆ. ಮಂಕಾಗಿದ್ದ ತಾಳ ಒಮ್ಮೆಲೆ ಖಣ್ ಅಂತು. ಅಲ್ಲಿಗಿ ಬಿಟ್ಟು, ಹಿಂದಕ ಸುತ್ತಿ, ಒಂದ ಓಟಕ್ಕ ಪೂರಾ ತುಂಬಿಕೊಂಡೆ. ಏಕತಾರಿ ಭಾಗ ಮಾತ್ರ ಸವದು ಸವದು ದೂರದ ಹುಳದ ದನಿ ಆಗಿತ್ತು. ಅಲ್ಲಿಂದ ಮುಂದಿಂದು ಯಾರೂ ಓಡಿಸಿರಲೇ ಇಲ್ಲ. ಆಯಿ ಉಸಿರು ತಗೊಳ್ಳೂದೂ ಕೇಳ್ತಿತ್ತು. ಏಳೂ ಪದ ಇದ್ವು. ನಾನು ಅತ್ತೆ, ಅತ್ತಿದ್ದನ್ನ ಯಾಕ ಮುಚ್ಚಿಡ್ಲಿ.

ಅಷ್ಟರಾಗ ಕಂಪನಿಯಿಂದ ಒಂದು ಪತ್ರ ಬಂದಿತ್ತು. ಕಾಲಂ ಸರಿಯಾಗಿ ತುಂಬಿದ್ರ ಮುಂದ ಹಿಂಗ ಆಗಂಗಿಲ್ಲ, ಒಂದು ವರ್ಷ ಪುಕ್ಕಟೆ ಕೊಡ್ತೇವಿ ಅಂತ. ಮನಿಯವರು, ಹಂಗಿದ್ರ ಅಲ್ಲೇ ಇಡು, ಯಾಕ ತ್ರಾಸು ತಗೋತಿ ಅಂದ್ರು. ಒಂದು ದಿನ ವಿಚಾರ ಮಾಡಿದೆ. ನನ್ನ ಮನಿಗಿ ಬಂದು, ನನ್ನ ಟ್ರಂಕು ತಗದು, ಒಳಗಿಂದು ಒಗದು ತಮ್ಮದನ್ನ ಇಟ್ಟು, ನಿನ್ನ ಕೀಲಿ ಸರಿ ಇರಲಿಲ್ಲ ಅನ್ನವರ ಹತ್ರ ಮತ್ತ ಟ್ರಂಕು ಇಡಬೇಕೇನು? ಉಳದ ಪದ ಎಲ್ಲಾ ಇಳಿಸಿಕೊಂಡು ಖಾತೆ ಮುಚ್ಚಿದೆ.

ಅಂಗಡ್ಯಾಗಿನ ಹಳೇ ಕಂಪ್ಯೂಟರಿಗಿ ಎರಡು ಹೊಸ ಡಿಸ್ಕು ಹಾಕಿ, ಇಂಥಾ ಕೆಲಸಕ್ಕಂತ ಪುಕ್ಕಟೆ ಸಿಗೂ ಒಂದು ಸಾಫ್ಟ್‌ವೇರ್ ಹಾಕಿದೆ. ಈಗ ಪದ ನನ್ನ ಕಟ್ಟಿ ಮ್ಯಾಲ ಇರ್ತಾವು, ಲಿಂಕು ಒತ್ತಿದ್ರ ಮೋರಟಗ್ಯಾಗ ಕೇಳ್ತಾವು. ಅದೂ ಒಂದೊಂದ ಪದ ಹಾಕಿದಾಗ, ಇದಕ್ಕ ಹೊಂದೂದು ಇನ್ನೆಲ್ಲಿ ಐತಿ ಅಂತ ಹುಡುಕಿ ಹೇಳ್ತೈತಿ, ಆದ್ರ ನನ್ನ ಕೇಳಲಾರದ ಏನೂ ಮುಟ್ಟಂಗಿಲ್ಲ. ಕರೆಂಟು ಹೋದ್ರ ಇನ್ವರ್ಟರು, ಇನ್ವರ್ಟರು ಮುಗದ್ರ ಪದ ನಿಂತು ಹೋಗ್ತೈತಿ. ನಿಂತ್ರ ನಿಲ್ಲಲಿ. ಬ್ಯಾರೆಯವರ ದನಿ ಅಂತೂ ಬರಂಗಿಲ್ಲ.

ಹೊಸದಾಗಿ ಕಾಲಂ ತುಂಬಾಕ ಕುಂತಾಗ ನನ್ನ ಸಿಟ್ಟು ನನ್ನ ಕಡೇನ ತಿರುಗಿತು. ಹಳೇ ವಹಿ ಮುಂದ ಇತ್ತು. ಗಂಡಸರ ಮ್ಯಾಳ ಇದ್ದಲ್ಲೆಲ್ಲಾ ಇಂಥಾ ಊರಿನ ಇಂಥಾ ಮಾಸ್ತರ ಮ್ಯಾಳ ಅಂತ ಬಾಜೂಕಾದ್ರೂ ಬರಕೊಂಡಿದ್ದೆ. ಹೆಂಗಸರು ಹಾಡಿದ್ದಕ್ಕ ಬರೇ ಅಂಕಿತ. ಒಂದು ಪುಟ ಅಲ್ಲ, ಇಡೀ ವಹಿ ಹಂಗ. ಹೆಸರು ಹೇಳಿಕೊಂಡ್ರ ಸೊಕ್ಕು ಅನ್ನೂ ರೂಢಿ ಹೆಣ್ಮಕ್ಕಳಿಗಷ್ಟ ಯಾಕ ಬಿಗಿ ಆಗ್ತೈತಿ? ಕಂಪನಿ ಆಯಿನ್ನ ಅಳಿಸಿದ್ದು ಎಂಟು ದಿನದಾಗ. ನಾನು ಅಳಿಸಿದ್ದು ಮೊದಲನೇ ದಿನಾನ. ಅದೂ ಹೆಣ್ಣಾಗಿ, ಅಂಗಡಿ ಫಲಕದ ಮ್ಯಾಲ ನನ್ನ ಹೆಸರು ದೊಡ್ಡ ಅಕ್ಷರದಾಗ ಬರಸಿಕೊಂಡಾಕಿ.

ಸೊಸಿಗೆ ಫೋನ್ ಹಚ್ಚಿ, ಆಯಿ ಹೆಸರೇನು ಅಂತ ಕೇಳಿದೆ.

"ಅತ್ತಿ ಹೆಸರು ನಾ ಹೆಂಗ ಹೇಳ್ಲಿ ಅಕ್ಕಾರ," ಅಂದ್ಳು. ಮದಿವಿ ಆಗಿ ಬಂದಾಗಿಂದ ಒಮ್ಮೆನೂ ಹೇಳಿಲ್ಲಂತ. ಸ್ವಲ್ಪ ಹೊತ್ತಿನ ಮ್ಯಾಲ ಆಧಾರ್ ಕಾರ್ಡಿನ ಫೋಟೋ ಕಳಿಸಿದ್ಳು. ನೋಡಿ ಬರದೆ: ನೀಲವ್ವ, ಮೋರಟಗಿ.

ರವಿವಾರ ಮಧ್ಯಾಹ್ನ ಡೆಕ್ಕು ಚೀಲದಾಗ ಹಾಕ್ಕೊಂಡು ಬಸ್ಸಿಗಿ ಮೋರಟಗಿಗಿ ಹೋದೆ. ಫೋನು ಅಂದ್ರ ಆಯಿಗೆ ಈಗ ನಂಬಿಕಿ ಇಲ್ಲ, ಆಕಿ ಕಾಲದ ಮಶೀನಿನ್ಯಾಗ ಕೇಳಿಸೂನು ಅಂತ. ಆಯಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಳು, ಬೆನ್ನ ಎಲುವು ಎಣಿಸಬಹುದಾಗಿತ್ತು. ಹೊಸ ಕಾಪಿ ಹಚ್ಚಿದೆ. ಏಕತಾರಿ ಬಂತು, ತಾಳ ಬಂತು, ಆಯಿ ದನಿ ಬಂತು. ಆಯಿ ತಿರುಗಲಿಲ್ಲ. ಮೊದಲನೇ ಪದ ಮುಗೀತು. ಸೊಸಿ ಸೆರಗು ಬಾಯಾಗ ಇಟ್ಕೊಂಡು ನಿಂತಿದ್ಳು. ಎರಡನೇ ಪದದ ನಡುವ ಆಯಿಯ ಎಡಗೈ ಹಿಂದಕ ಬಂತು, ಹಾಸಗಿ ಅಂಚು ತಡಕಿತು, ಬೆರಳು ತಾಳ ಹಾಕಿತು. ಮಾರಿ ಮಾತ್ರ ತಿರುವಲಿಲ್ಲ. ಆಕಿಗೂ ಸಿಟ್ಟು ಇರಬೇಕಲ್ಲ. ಅವತ್ತು ಅಷ್ಟ. ಡೆಕ್ಕು ಅಲ್ಲೇ ಬಿಟ್ಟು ಬಂದೆ.

ಉಳದ ಎಂಬತ್ತಾರು ಪದಕ್ಕ ಈಗೂ ಅಡ್ಡಾಡಾಕತ್ತೇನಿ. ಕೊಲ್ಹಾರದಾಗ ನಾಕು ಸಿಕ್ಕಾವು, ಬಾಗೇವಾಡ್ಯಾಗ ಹನ್ನೊಂದು. ಭಾಳಷ್ಟು ಸಿಗಂಗಿಲ್ಲ, ಅದು ನನಗ ಗೊತ್ತೈತಿ. ಹಾಡಿದವರೊಳಗ ಕೆಲವರು ಸತ್ತಾರ. ಅವರ ಮಕ್ಕಳ ಮುಂದ ನಿಂತು, ನಿಮ್ಮವ್ವನ ದನಿ ನನ್ನ ಕೈಯಾಗ ಕಳೀತು ಅಂತ ಹೇಳೂದು ಹೆಂಗಿರ್ತೈತಿ ಅನ್ನೂದು ಆ ನಯವಾದ ಹಿಂದಿಯವಗ ಒಮ್ಮೆ ತಿಳೀಬೇಕು.

ಹೋದ ವಾರ ಸೊಸಿ ತನ್ನ ಫೋನಿನ್ಯಾಗ ತುಂಬಿಸಿ ಒಂದು ಫೈಲು ಕಳಿಸಿದ್ಳು. ಹಿಂದ ಡೆಕ್ಕಿನ್ಯಾಗ ಹರೇದ ಆಯಿ ಹಾಡಾಕತ್ತಾಳ. ಮುಂದ ಈಗಿನ ಆಯಿ. ಒಡಕ ದನಿ, ತೊದಲು, ತಾಳದಕಿಂತ ಎರಡು ಹೆಜ್ಜಿ ಹಿಂದ. ಆದ್ರ ಈ ಸಲ ಶಬ್ದ ಅದಾವು. ಒಂದು ಪೂರಾ ಸಾಲು, ಕೊನಿಗಿ ಅಂಕಿತ.

ಅದನ್ನ ಮೂರು ಕಡೆ ಕಾಪಿ ಮಾಡಿ ಇಟ್ಟೆ. ಆಮ್ಯಾಲ ಕಂಪ್ಯೂಟರಿಗಿ ಹಾಕಿ ಕಾಲಂ ತುಂಬಿದೆ. ಹಾಡಿದವರು: ನೀಲವ್ವ, ಮೋರಟಗಿ. ಮಶೀನು ತನ್ನ ರೂಢಿಯಂಗ ಲೋಕದಾಗೆಲ್ಲಾ ಹುಡುಕಾಡಿ ಬಂದು ಕೆಳಗ ಒಂದು ಸಾಲು ತೋರಿಸಿತು: ಇದಕ್ಕೆ ಹೊಂದುವ ಹಾಡು ಎಲ್ಲಿಯೂ ಸಿಗಲಿಲ್ಲ.